ಅಡುಗೆ ಪಾತ್ರೆಯೆಂದು ದಾಖಲಾದ ಹಕ್ಕಿ

1926ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಬಂದರಿಗೆ ಬಂದ ಮರದ ಪೆಟ್ಟಿಗೆಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ ವಸ್ತುಗಳಲ್ಲಿ ಒಂದು, ಸುಮಾರು ನಾಲ್ಕೂವರೆ ಅಡಿ ಎತ್ತರದ ಕಂಚಿನ ತುಂಡು. ನಡುವೆ ತುಸು ಉಬ್ಬಿದೆ, ಬುಡದ ಬಳಿ ಮುಷ್ಟಿಯಲ್ಲಿ ಹಿಡಿಯುವಷ್ಟು ಸಪೂರವಾಗಿದೆ, ತುದಿಯನ್ನು ಓರೆಯಾಗಿ ಕತ್ತರಿಸಿದಂತಿದೆ. ಮೈತುಂಬ ಹೊಳಪು. ರೆಕ್ಕೆ, ಕೊಕ್ಕು, ಕಾಲು ಒಂದೂ ಇಲ್ಲ. ಕಾಗದಪತ್ರಗಳಲ್ಲಿ ಮಾತ್ರ ಅದರ ಹೆಸರು ಹಕ್ಕಿ. ಅಂದಿನ ಅಮೆರಿಕದ ಕಾನೂನಿನಲ್ಲಿ ಕಲಾಕೃತಿಗೆ ಸುಂಕವಿರಲಿಲ್ಲ. ಲೋಹದ ತಯಾರಿಕೆಗೆ ಶೇ 40ರಷ್ಟು ಇತ್ತು. ಅಧಿಕಾರಿಗಳು ಅದನ್ನು ‘ಅಡುಗೆ ಪಾತ್ರೆಗಳು ಮತ್ತು ಆಸ್ಪತ್ರೆ ಸಾಮಗ್ರಿ’ ಎಂಬ ಶೀರ್ಷಿಕೆಯಡಿ ಸೇರಿಸಿ, ಸುಂಕ ಕಟ್ಟಿ ಎಂದರು.

ಅದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ರುಮೇನಿಯಾದ ಶಿಲ್ಪಿ ಕಾನ್‌ಸ್ಟಾಂಟಿನ್ ಬ್ರಾಂಕುಸಿಯ ‘ಆಕಾಶದಲ್ಲಿ ಹಕ್ಕಿ’. ಕೊಂಡವನು ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್. ಹಡಗಿನಲ್ಲಿ ಆ ಶಿಲ್ಪಗಳ ಕಾವಲಿಗೆ ಬಂದಿದ್ದವನು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ. ಒಂಬತ್ತು ವರ್ಷದ ಹಿಂದೆ ಇದೇ ಊರಿನ ಪ್ರದರ್ಶನವೊಂದಕ್ಕೆ ಅಂಗಡಿಯಿಂದ ತಂದ ಮೂತ್ರಪಾತ್ರೆಯನ್ನು ಕಲಾಕೃತಿಯೆಂದು ಕಳುಹಿಸಿದ್ದವನು ಅವನೇ. ಈಗ ಅವನ ಕಣ್ಣೆದುರೇ ಕಲಾಕೃತಿಯೊಂದು ಪಾತ್ರೆಯಾಯಿತು.

ಆ ಅಧಿಕಾರಿಯನ್ನು ಗೇಲಿ ಮಾಡುವುದು ಸುಲಭ, ಎಲ್ಲರೂ ಮಾಡಿದ್ದಾರೆ. ನನಗೆ ಅವನ ಬಗ್ಗೆ ಒಂದಿಷ್ಟು ಅನುಕಂಪವಿದೆ. ನೌಕರಿಯುದ್ದಕ್ಕೂ ಬಿಲ್ಲುಗಳನ್ನು ಲೆಕ್ಕ ಶೀರ್ಷಿಕೆಗಳ ಕೆಳಗೆ ಹಾಕುತ್ತ ಬಂದವನು ನಾನು. ಯಾವ ಶೀರ್ಷಿಕೆಗೂ ಒಗ್ಗದ ಬಿಲ್ಲೊಂದು ಮೇಜಿಗೆ ಬಂದರೆ ಎಂಥ ಕಿರಿಕಿರಿ ಎಂಬುದು ನನಗೆ ಗೊತ್ತು. ಹಳೆಯ ಮನೆಯ ಒನಕೆಯೊಂದಕ್ಕೆ ಚಿನ್ನದ ಮೆರುಗು ಕೊಟ್ಟು ನಿಲ್ಲಿಸಿ, ಇದು ಹಕ್ಕಿ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಒಪ್ಪುತ್ತಿದ್ದೆವು? ಬ್ರಾಂಕುಸಿಯ ಬದುಕನ್ನು ಓದುತ್ತ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಸಂಗತಿ. ಅವನ ಶಿಲ್ಪಗಳು ಒಂದಲ್ಲ ಒಂದು ಕಚೇರಿಯ ಮುಂದೆ ನಿಂತು, ನೀನು ಏನು ಎಂಬ ಪ್ರಶ್ನೆಯನ್ನು ಎದುರಿಸುತ್ತಲೇ ಇದ್ದವು. ಅವನು ಸತ್ತು ಅರವತ್ತು ವರ್ಷ ಕಳೆದ ಮೇಲೂ ಅದು ನಿಲ್ಲಲಿಲ್ಲ.

ಮೊಕದ್ದಮೆ ‘ಬ್ರಾಂಕುಸಿ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ’ ಎಂಬ ಹೆಸರಿನಲ್ಲಿ 1927ರ ಅಕ್ಟೋಬರ್‌ನಲ್ಲಿ ವಿಚಾರಣೆಗೆ ಬಂತು. ಖರ್ಚು ಹೊತ್ತವಳು ಸ್ವತಃ ಶಿಲ್ಪಿಯಾಗಿದ್ದ ಸಿರಿವಂತೆ ಗರ್ಟ್ರೂಡ್ ವಾಂಡರ್‌ಬಿಲ್ಟ್ ವಿಟ್ನಿ. ಸರ್ಕಾರದ ಕಡೆಯವರ ಕೈಯಲ್ಲಿ ಹಳೆಯ ತೀರ್ಪೊಂದಿತ್ತು. ಶಿಲ್ಪವೆಂದರೆ ನಿಸರ್ಗದ ವಸ್ತುಗಳನ್ನು, ಮುಖ್ಯವಾಗಿ ಮನುಷ್ಯ ರೂಪವನ್ನು, ಅನುಕರಿಸಿ ಕೆತ್ತಿದ್ದು ಎಂದು ಆ 1916ರ ತೀರ್ಪು ಹೇಳಿತ್ತು. ಹೀಗಾಗಿ ಪ್ರಶ್ನೆಗಳೆಲ್ಲ ಹೋಲಿಕೆಯ ಸುತ್ತಲೇ ತಿರುಗಿದವು. ಕಾಡಿನಲ್ಲಿ ಇದು ಕಣ್ಣಿಗೆ ಬಿದ್ದರೆ ಗುಂಡು ಹಾರಿಸುತ್ತಿದ್ದಿರೇ ಎಂದು ಸ್ಟೈಕನ್‌ನನ್ನು ಕೇಳಲಾಯಿತು. ಇಲ್ಲ ಎಂದ. ಹಾಗಾದರೆ ಇದನ್ನು ಹಕ್ಕಿ ಎನ್ನುವುದೇಕೆ? ಶಿಲ್ಪಿ ಹಾಗೆಂದಿದ್ದಾನೆ, ನನಗೂ ಹಾಗೆಯೇ ಅನಿಸುತ್ತದೆ ಎಂಬ ಧಾಟಿಯ ಉತ್ತರ ಬಂತು. ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಪ್ರಾಚೀನ ಈಜಿಪ್ಟಿನ ಗಿಡುಗದ ಶಿಲ್ಪವೊಂದನ್ನು ನ್ಯಾಯಾಲಯಕ್ಕೇ ತಂದು ತೋರಿಸಿದ. ಗರಿಯಿಲ್ಲದ ಹಕ್ಕಿ ಇವತ್ತಿನದಲ್ಲ ಎನ್ನುವುದು ಅವನ ವಾದ.

ಈ ಮೊಕದ್ದಮೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಒಳ್ಳೆಯ ಕೈಚಳಕವಿರುವ ಮೆಕ್ಯಾನಿಕ್ ಒಬ್ಬ ಹಿತ್ತಾಳೆಯ ಸರಳನ್ನು ತಿಕ್ಕಿ ಹೀಗೆಯೇ ಹೊಳೆಯಿಸಲಾರನೇ? ಎಪ್‌ಸ್ಟೀನ್ ಕೊಟ್ಟ ಉತ್ತರ: ತಿಕ್ಕಬಲ್ಲ, ಆದರೆ ಇದನ್ನು ಕಲ್ಪಿಸಿಕೊಳ್ಳಲಾರ. ಚೆನ್ನಾದ ಉತ್ತರವೇ, ಆದರೆ ತಿಕ್ಕುವುದನ್ನು ಅದು ಕೀಳಾಗಿ ಕಂಡಿತು. ಪ್ಯಾರಿಸ್‌ನಿಂದ ಲಿಖಿತ ಸಾಕ್ಷ್ಯ ಕೊಟ್ಟ ಬ್ರಾಂಕುಸಿ ಹೇಳಿದ್ದು ಬೇರೆಯೇ. ಎರಕದ ಮನೆಯಿಂದ ಬಂದ ಒರಟು ಕಂಚಿನ ತೂತುಗಳನ್ನು ಮುಚ್ಚಿದ್ದು, ಓರೆಕೋರೆ ತಿದ್ದಿದ್ದು, ಅರದಿಂದ, ಆಮೇಲೆ ಎಮೆರಿ ಎಂಬ ಗಟ್ಟಿ ಕಲ್ಲಿನ ನುಣುಪಾದ ಪುಡಿಯಿಂದ ಉಜ್ಜಿದ್ದು, ಎಲ್ಲವನ್ನೂ ತನ್ನ ಕೈಯಾರೆ ಮಾಡಿದೆ; ಅದಕ್ಕೆ ಹಿಡಿಯುವ ಕಾಲ ಬಹಳ, ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದಕ್ಕೆ ಸಮ ಎಂದು ಆತ ಹೇಳಿದ. ಕಲ್ಪನೆಯ ಹೆಸರು ಹಿಡಿದು ಅವನು ಕಲಾವಿದನ ಪಟ್ಟ ಕೇಳಲಿಲ್ಲ. ಅರ ಹಿಡಿದ ಕೈಯನ್ನು ಮುಂದೊಡ್ಡಿದ.

1928ರ ನವೆಂಬರ್ 26ರಂದು ತೀರ್ಪು ಬಂತು. ನ್ಯಾಯಾಧೀಶ ವೇಟ್ ಬರೆದದ್ದರ ಸಾರಾಂಶ ಇಷ್ಟು: ನಿಸರ್ಗವನ್ನು ಅನುಕರಿಸದೆ ಅಮೂರ್ತ ಭಾವನೆಗಳನ್ನು ಕಾಣಿಸಲು ಹೊರಟ ಹೊಸ ಪಂಥವೊಂದು ಹುಟ್ಟಿಕೊಂಡಿದೆ, ಅದರ ಬಗ್ಗೆ ನಮಗೆ ಒಲವಿದೆಯೋ ಇಲ್ಲವೋ, ಅದು ಇದೆ ಎಂಬುದನ್ನು ಗಣನೆಗೆ ತೆಗೆದುಕೊಳ್ಳಲೇಬೇಕು, ಈ ವಸ್ತು ಹಕ್ಕಿಯಂತೆ ಕಾಣದಿದ್ದರೂ ನೋಡಲು ಚೆನ್ನಾಗಿದೆ, ವೃತ್ತಿಪರ ಶಿಲ್ಪಿಯ ಸ್ವಂತ ಕೃತಿಯಾಗಿದೆ, ಉಪಯೋಗವೇನೂ ಇಲ್ಲ, ಆದ್ದರಿಂದ ಸುಂಕವಿಲ್ಲ. ತನಗೆ ರುಚಿಸದಿರಬಹುದಾದ ಒಂದಕ್ಕೆ ಜಾಗ ಬಿಟ್ಟುಕೊಟ್ಟ ಆ ಸಂಯಮದ ಗದ್ಯ ನನಗೆ ಇಷ್ಟ. ಆದರೆ ‘ಅಮೂರ್ತ’ ಎಂಬ ಹಣೆಪಟ್ಟಿ ಬ್ರಾಂಕುಸಿಗೆ ಕೊನೆಯವರೆಗೂ ಹಿಡಿಸಲಿಲ್ಲ. ತನ್ನ ಕೆಲಸವನ್ನು ಅಮೂರ್ತ ಎನ್ನುವವರು ಮೂಢರು ಎಂದೇ ಅವನು ಬೈಯುತ್ತಿದ್ದ. ಹೊರಗಿನ ಆಕಾರವಲ್ಲ, ವಸ್ತುವಿನ ತಿರುಳೇ ನಿಜ ಎನ್ನುವುದು ಅವನ ನಿಲುವು.

ಅವನು ಹುಟ್ಟಿದ್ದು 1876ರ ಫೆಬ್ರುವರಿ 19ರಂದು, ರುಮೇನಿಯಾದ ಗೋರ್ಜ್ ಸೀಮೆಯ ಹೊಬಿತ್ಸಾ ಎಂಬ ಹಳ್ಳಿಯಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಬುಡದಲ್ಲಿ. ರೈತ ಕುಟುಂಬ. ಕುರಿ ಕಾಯುತ್ತ ಬೆಳೆದ ಹುಡುಗ ಚಿಕ್ಕ ವಯಸ್ಸಿಗೇ ಮನೆ ಬಿಟ್ಟ. ಕ್ರಯೋವಾ ಪಟ್ಟಣದ ಹೋಟೆಲು, ಅಂಗಡಿಗಳಲ್ಲಿ ದುಡಿದ. ಅಲ್ಲೇ ಕೈಕಸುಬಿನ ಶಾಲೆಯಲ್ಲಿ ಮರಗೆಲಸ ಕಲಿತು, 1898ರಲ್ಲಿ ಬುಕಾರೆಸ್ಟ್‌ನ ಕಲಾಶಾಲೆಗೆ ಸೇರಿದ. ಆ ಕಾಲದ ಅವನ ಒಂದು ಕೃತಿ ಚರ್ಮ ಸುಲಿದ ಮನುಷ್ಯನ ಪೂರ್ಣ ಪ್ರತಿಮೆ. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಡಿಮಿತ್ರಿಯೆ ಜೆರೋಟಾನ ಮಾರ್ಗದರ್ಶನದಲ್ಲಿ ಒಂದೊಂದು ಸ್ನಾಯುವನ್ನೂ ಲೆಕ್ಕ ತಪ್ಪದಂತೆ ಮೂಡಿಸಿದ್ದ. ‘ಇಂಥದ್ದನ್ನು ಮಗುವೂ ಮಾಡಬಲ್ಲದು’ ಎಂದು ಅವನ ಹಕ್ಕಿಗಳೆದುರು ಹೇಳುವವರಿಗೆ ಈ ಪ್ರತಿಮೆಯನ್ನು ತೋರಿಸಿದರೆ ಸಾಕು. ಬಿಟ್ಟದ್ದನ್ನೆಲ್ಲ ಅವನು ಮೊದಲು ಕಲಿತೇ ಬಿಟ್ಟಿದ್ದ.

1904ರಲ್ಲಿ ಪ್ಯಾರಿಸ್ ತಲುಪಿದ. ದಾರಿಯ ಬಹುಭಾಗವನ್ನು ನಡೆದೇ ಬಂದ ಎನ್ನುವುದು ಕಥೆ. ನಡುವೆ ಕಾಯಿಲೆ ಬಿದ್ದು ಕೊನೆಯ ಹಂತದಲ್ಲಿ ರೈಲು ಹತ್ತಿದ ಎಂದೂ ಹೇಳುತ್ತಾರೆ. ಈ ಕಥೆಗಳನ್ನು ಬೆಳೆಯಲು ಬಿಟ್ಟವನು ಬ್ರಾಂಕುಸಿಯೇ. ಬಿಳಿ ಅಂಗಿ, ಉದ್ದ ಗಡ್ಡ, ಮರದ ಪಾದರಕ್ಷೆ, ಕಾರ್ಪೇಥಿಯನ್ನಿನ ಕುರುಬ ಜ್ಞಾನಿ ಎಂಬ ವೇಷ ಪ್ಯಾರಿಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಕಪಟವೆನ್ನಲಾರೆ, ಆದರೆ ಪೂರ್ತಿ ಮುಗ್ಧತೆಯೂ ಅದಾಗಿರಲಿಲ್ಲ.

1907ರಲ್ಲಿ ರೋದಾನ ಕಾರ್ಯಾಗಾರದಲ್ಲಿ ಕೆಲಸ ಸಿಕ್ಕಿತು. ಯುರೋಪಿನ ಅತಿ ದೊಡ್ಡ ಶಿಲ್ಪಿಯ ಬಳಿ ಸಹಾಯಕನಾಗುವುದು ಯಾವ ಯುವಕನಿಗೂ ಭಾಗ್ಯವೇ. ಬ್ರಾಂಕುಸಿ ಒಂದೆರಡು ತಿಂಗಳಲ್ಲಿ ಹೊರಬಿದ್ದ. ದೊಡ್ಡ ಮರದ ನೆರಳಲ್ಲಿ ಏನೂ ಬೆಳೆಯುವುದಿಲ್ಲ ಎಂದು ಆತ ಹೇಳಿದ್ದು ಈಗ ಎಲ್ಲರ ಬಾಯಲ್ಲಿದೆ. ಆದರೆ ಅವನು ಬಿಟ್ಟದ್ದು ಒಬ್ಬ ಗುರುವನ್ನಷ್ಟೇ ಅಲ್ಲ, ಒಂದು ಉತ್ಪಾದನಾ ಕ್ರಮವನ್ನು. ರೋದಾ ಜೇಡಿಮಣ್ಣಿನಲ್ಲಿ ರೂಪ ಕೊಡುತ್ತಿದ್ದ. ಕಲ್ಲು ಕೆತ್ತುವುದು ಕೂಲಿಯ ಕುಶಲಕರ್ಮಿಗಳ ಕೆಲಸ, ಎರಕ ಎರಕದವರ ಕೆಲಸ. ಬ್ರಾಂಕುಸಿ ಉಳಿಯನ್ನು ನೇರವಾಗಿ ಕಲ್ಲಿಗೇ ಇಟ್ಟ. ಹಾಗೆ ಹುಟ್ಟಿದ್ದು 1907–08ರ ‘ಮುತ್ತು’, ಅಂದರೆ ಚುಂಬನ. ರೋದಾನದೂ ಅದೇ ಹೆಸರಿನ ಪ್ರಸಿದ್ಧ ಶಿಲ್ಪವಿದೆ, ನುಣುಪು ಅಮೃತಶಿಲೆಯಲ್ಲಿ ಹೊರಳುವ ದೇಹಗಳು. ಬ್ರಾಂಕುಸಿಯ ಜೋಡಿ ಒಂದೇ ಕಲ್ಲಿನ ದಿಮ್ಮಿ. ಎರಡು ಕಣ್ಣು ಸೇರಿ ಒಂದಾಗಿದೆ, ತೋಳುಗಳು ಕಟ್ಟು ಹಾಕಿದಂತೆ ಸುತ್ತಿವೆ. ಕಲ್ಲು ಕಲ್ಲಾಗಿಯೇ ಉಳಿದಿದೆ. ರೋದಾನ ಜೋಡಿ ಮುತ್ತು ಮುಗಿಸಿ ಎದ್ದು ಹೋಗಬಹುದೆನಿಸುತ್ತದೆ. ಇವರನ್ನು ಬಿಡಿಸಬೇಕಾದರೆ ಕಲ್ಲನ್ನೇ ಸೀಳಬೇಕು.

ಅದೇ ‘ಮುತ್ತು’ವಿನ 1909ರ ಆವೃತ್ತಿ ಪ್ಯಾರಿಸ್‌ನ ಮೋಂಪರ್ನಾಸ್ ಸ್ಮಶಾನದಲ್ಲಿ ತಾತ್ಯಾನಾ ರಾಷೆವ್ಸ್ಕಯಾ ಎಂಬ ರಷ್ಯನ್ ಯುವತಿಯ ಗೋರಿಯ ಮೇಲಿದೆ. ಪ್ರೇಮ ಭಗ್ನವಾಗಿ 1910ರ ಡಿಸೆಂಬರ್‌ನಲ್ಲಿ ಅವಳು ಜೀವ ಕಳೆದುಕೊಂಡಳು. ಅವಳ ಸ್ನೇಹಿತನಾಗಿದ್ದ ವೈದ್ಯನ ಮೂಲಕ ಈ ಶಿಲ್ಪ ಗೋರಿಗೆ ಬಂತು. ದಶಕಗಳ ಕಾಲ ಯಾರೂ ತಿರುಗಿ ನೋಡಲಿಲ್ಲ. ಬ್ರಾಂಕುಸಿಯ ಬೆಲೆ ಗಗನಕ್ಕೇರಿದ ಮೇಲೆ ವಾರಸುದಾರರು ಅದನ್ನು ತೆಗೆದು ಮಾರಲು ಹೊರಟರು. 2010ರಲ್ಲಿ ಫ್ರೆಂಚ್ ಸರ್ಕಾರ ಇಡೀ ಗೋರಿಯನ್ನು ಐತಿಹಾಸಿಕ ಸ್ಮಾರಕವೆಂದು ದಾಖಲಿಸಿತು; ವ್ಯಾಜ್ಯ ಹತ್ತಿಕೊಂಡಿತು; ಶಿಲ್ಪಕ್ಕೆ ಮರದ ಪೆಟ್ಟಿಗೆ ಮುಚ್ಚಲಾಯಿತು. ಕೇಳಿದ ಪ್ರಶ್ನೆ ಇದು: ಇದು ಗೋರಿಯ ಮೇಲಿಟ್ಟ ಶಿಲ್ಪವೋ, ಗೋರಿಯ ಭಾಗವೋ? ಚರಾಸ್ತಿಯೋ, ಸ್ಥಿರಾಸ್ತಿಯೋ? 2021ರ ಜುಲೈನಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅದು ಗೋರಿಯಿಂದ ಬೇರ್ಪಡಿಸಲಾಗದ ಸ್ಥಿರಾಸ್ತಿ ಎಂದಿತು. ನ್ಯೂಯಾರ್ಕ್ ತೀರ್ಪಿಗಿಂತ ಈ ತೀರ್ಪಿನಲ್ಲಿ ಬ್ರಾಂಕುಸಿಯ ಮನಸ್ಸಿಗೆ ಹತ್ತಿರವಾದದ್ದು ಹೆಚ್ಚಿದೆ ಎನಿಸುತ್ತದೆ. ಶಿಲ್ಪ ಎಲ್ಲಿ, ಯಾವುದರ ಮೇಲೆ ನಿಂತಿದೆ ಎಂಬುದೂ ಶಿಲ್ಪವೇ ಎಂದು ತಿಳಿದವನು ಅವನು. ಅವನ ಪೀಠಗಳನ್ನು ನೋಡಿ: ಅಮೃತಶಿಲೆಯ ಹಕ್ಕಿಯ ಕೆಳಗೆ ಸುಣ್ಣಕಲ್ಲು, ಅದರಡಿ ಗರಗಸದ ಹಲ್ಲಿನಂತೆ ಕಡಿದ ಓಕ್ ಮರ. ಎಲ್ಲಿ ಪೀಠ ಮುಗಿಯಿತು, ಎಲ್ಲಿ ಶಿಲ್ಪ ಶುರುವಾಯಿತು ಎಂದು ಹೇಳಲು ಹೋದರೆ ತಪ್ಪುತ್ತೇವೆ.

ಉಳಿದ ಕಚೇರಿಗಳ ಕಥೆ ಚಿಕ್ಕದು. 1920ರಲ್ಲಿ ಪ್ಯಾರಿಸ್‌ನ ಪ್ರದರ್ಶನವೊಂದರಲ್ಲಿ ‘ರಾಜಕುಮಾರಿ ಎಕ್ಸ್’ ಎಂಬ ಹೊಳೆಯುವ ಕಂಚಿನ ಕೃತಿಯನ್ನು ನೋಡಿದವರಿಗೆ ಅದು ಪುರುಷಾಂಗದಂತೆ ಕಂಡಿತು. ಪೊಲೀಸರು ಬಂದು ಅಲ್ಲಿಂದ ತೆಗೆಸಿದರು. ಕಲಾವಿದರು, ಬರಹಗಾರರು ಸೇರಿ ಪ್ರತಿಭಟನೆಯ ಹೇಳಿಕೆ ಪ್ರಕಟಿಸಿದರು. ಬ್ರಾಂಕುಸಿಗೆ ಇದು ನಿಜಕ್ಕೂ ನೋವಾಯಿತು. ಅದು ಬಾಗಿದ ಕತ್ತಿನ ಹೆಣ್ಣಿನ ಪ್ರತಿಮೆ ಎಂದೇ ಅವನ ವಾದ. ಇಲ್ಲಿ ಮಾತ್ರ ನಾನು ಪೊಲೀಸರ ಕಣ್ಣನ್ನು ಪೂರ್ತಿ ದೂರಲಾರೆ.

ಹೋಲಿಕೆಯ ವಿಷಯಕ್ಕೆ ಬಂದರೆ ಜೇಮ್ಸ್ ಜಾಯ್ಸ್‌ನ ಪ್ರಸಂಗವೊಂದಿದೆ. 1929ರಲ್ಲಿ ಬ್ರಾಂಕುಸಿ ಆ ಲೇಖಕನ ‘ಭಾವಚಿತ್ರ’ವೆಂದು ಒಂದು ಸುರುಳಿಯನ್ನೂ ಕೆಲವು ನೆಟ್ಟನೆಯ ಗೆರೆಗಳನ್ನೂ ಎಳೆದುಕೊಟ್ಟ. ಡಬ್ಲಿನ್‌ನಲ್ಲಿದ್ದ ಜಾಯ್ಸ್‌ನ ಮುದಿ ತಂದೆ ಅದನ್ನು ನೋಡಿ, ಹುಡುಗ ತುಂಬ ಬದಲಾಗಿದ್ದಾನೆ ಎಂದನಂತೆ.

ಹಕ್ಕಿ ಒಂದೇ ಸಲಕ್ಕೆ ಆ ರೂಪಕ್ಕೆ ಬಂದದ್ದಲ್ಲ. 1910ರ ಸುಮಾರಿಗೆ ರುಮೇನಿಯಾದ ಜನಪದ ಕಥೆಗಳ ಮಾಯಾಹಕ್ಕಿ ‘ಮೈಯಸ್ತ್ರಾ’ದಿಂದ ಶುರುವಾಯಿತು. ಅದಕ್ಕೆ ಕತ್ತಿತ್ತು, ತೆರೆದ ಕೊಕ್ಕಿತ್ತು, ಎದೆಯಿತ್ತು. ವರ್ಷಗಳು ಕಳೆದಂತೆ ಕತ್ತು ಎದೆಯಲ್ಲಿ ಕರಗಿತು, ಕಾಲು ಸಣ್ಣ ಕಟ್ಟಾಯಿತು, ಕೊಕ್ಕು ಓರೆಯ ಅಂಚಾಯಿತು. 1923ರ ನಂತರ ಮೈಯೆಲ್ಲ ಒಂದೇ ಗತಿ. ಮುಂದಿನ ಎರಡು ದಶಕಗಳಲ್ಲಿ ಅಮೃತಶಿಲೆಯಲ್ಲಿ, ಕಂಚಿನಲ್ಲಿ ಒಟ್ಟು ಸುಮಾರು 16 ಬಾರಿ ಅದನ್ನೇ ಮಾಡಿದ. ಪಕ್ಕದಲ್ಲಿಟ್ಟು ಅಳೆದರೆ ಒಂದರ ಉಬ್ಬು ಇನ್ನೊಂದರದಲ್ಲ. 1927ರಲ್ಲಿ ಅವನ ಬಳಿ ಕೆಲಸ ಕಲಿಯಲು ಬಂದ ಜಪಾನಿ ಮೂಲದ ಅಮೆರಿಕನ್ ಯುವಕ ಇಸಾಮು ನೊಗುಚಿಗೆ ಫ್ರೆಂಚ್ ಬರುತ್ತಿರಲಿಲ್ಲ, ಬ್ರಾಂಕುಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಲಿಕೆಯೆಲ್ಲ ಉಳಿ ಹಿಡಿಯುವುದರಲ್ಲಿ, ಗರಗಸವನ್ನು ಅದರ ಭಾರಕ್ಕೆ ಬಿಟ್ಟು ಎಳೆಯುವುದರಲ್ಲಿ, ಮಟ್ಟ ನೋಡುವುದರಲ್ಲಿ ನಡೆಯಿತು. ಅಂಥ ಶಾಲೆಯಿಂದ ಬಂದವನು ಕೊನೆಗೆ ತಾನೂ ದೊಡ್ಡ ಶಿಲ್ಪಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಹಕ್ಕಿಗಳಲ್ಲಿ ಮೂರು ನಮ್ಮ ದೇಶದವಾಗಬೇಕಿತ್ತು. ಇಂದೋರಿನ ಯುವ ಮಹಾರಾಜ ಯಶವಂತರಾವ್ ಹೋಳ್ಕರ್ ಪ್ಯಾರಿಸ್‌ನಲ್ಲಿ ಬರಹಗಾರ ಆನ್ರಿ ಪಿಯರ್ ರೊಶೆಯ ಮೂಲಕ ಬ್ರಾಂಕುಸಿಯ ಕಾರ್ಯಾಗಾರಕ್ಕೆ ಬಂದ. ಒಂದು ಕಂಚಿನ ಹಕ್ಕಿ ಕೊಂಡ, ಕರಿಯದೊಂದು, ಬಿಳಿಯದೊಂದು ಅಮೃತಶಿಲೆಯ ಹಕ್ಕಿಗೆ ಹೇಳಿದ. ಮೂರನ್ನೂ ಇರಿಸಲು ಇಂದೋರಿನಲ್ಲಿ ಒಂದು ಧ್ಯಾನಮಂದಿರ ಕಟ್ಟುವ ಯೋಜನೆ ಬೆಳೆಯಿತು: ಒಳಗೆ ನೀರಿನ ಕೊಳ, ನೆಲದಡಿಯಿಂದ ದಾರಿ, ಮೇಲಿನ ಕಿಂಡಿಯಿಂದ ನಿಗದಿತ ಹೊತ್ತಿನ ಬಿಸಿಲು ಕಂಚಿನ ಮೇಲೆ ಬೀಳಬೇಕು. ಟಿಬೆಟಿನ ಯೋಗಿ ಮಿಲರೇಪನ ಕಥೆಯನ್ನು ಫ್ರೆಂಚ್‌ನಲ್ಲಿ ಓದಿ ಹಚ್ಚಿಕೊಂಡಿದ್ದ ಬ್ರಾಂಕುಸಿಗೆ ಭಾರತದಲ್ಲಿ ಇಂಥದ್ದೊಂದನ್ನು ಕಟ್ಟುವುದು ಜೀವಮಾನದ ಆಸೆಯಾಯಿತು. 1937ರ ಕೊನೆಯಲ್ಲಿ ಹಡಗು ಹತ್ತಿ ಇಂದೋರಿಗೂ ಬಂದ. ಆ ವರ್ಷವೇ ಮಹಾರಾಣಿ ಸಂಯೋಗಿತಾ ದೇವಿ ತೀರಿಕೊಂಡಿದ್ದಳು. ಮಹಾರಾಜನ ಮನಸ್ಸು ಇದರಿಂದ ದೂರ ಹೋಗಿತ್ತು. ಕೆಲವು ವಾರ ಕಾದು ಬ್ರಾಂಕುಸಿ ಹಿಂತಿರುಗಿದ. ಮಂದಿರದ ಒಂದು ಕಲ್ಲೂ ಏಳಲಿಲ್ಲ. ಆ ಕರಿಯ, ಬಿಳಿಯ ಹಕ್ಕಿಗಳು 1973ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಸಂಗ್ರಹಕ್ಕೆ ಮಾರಾಟವಾಗಿ ಈಗ ಕ್ಯಾನ್‌ಬೆರಾದಲ್ಲಿವೆ. ಜರ್ಮನ್ ವಾಸ್ತುಶಿಲ್ಪಿ ಎಕಾರ್ಟ್ ಮುಥೇಸಿಯಸ್ ಮಹಾರಾಜನಿಗಾಗಿ ರೂಪಿಸಿದ್ದ ಮಾಣಿಕ್ ಬಾಗ್ ಅರಮನೆಯಲ್ಲಿ ನಂತರ ಬಂದು ಕೂತದ್ದು, ಎಲ್ಲ ಬಿಟ್ಟು, ಕೇಂದ್ರ ಅಬಕಾರಿ ಮತ್ತು ಕಸ್ಟಮ್ಸ್ ಕಚೇರಿ.

ಇಂದೋರಿನಲ್ಲಿ ಸಿಗದ ಜಾಗ ಅದೇ 1937ರಲ್ಲಿ ತವರಿನಲ್ಲಿ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಜಿಯು ನದಿಯ ದಂಡೆಯಲ್ಲಿ ಜರ್ಮನ್ ಸೇನೆಯನ್ನು ತಡೆದು ಸತ್ತವರಿಗೆ ಟರ್ಗು ಜಿಯು ಪಟ್ಟಣದಲ್ಲಿ ಸ್ಮಾರಕ ಬೇಕೆಂದು ಗೋರ್ಜ್ ಸೀಮೆಯ ಮಹಿಳಾ ಸಂಘ, ಅರೆತಿಯಾ ತತರೆಸ್ಕುವಿನ ಮುಂದಾಳತ್ವದಲ್ಲಿ, ಬ್ರಾಂಕುಸಿಯನ್ನು ಕೇಳಿತ್ತು. ಕುದುರೆಯ ಮೇಲಿನ ಸೇನಾಪತಿಯನ್ನು ನಿರೀಕ್ಷಿಸಿದ್ದವರಿಗೆ ಅವನು ಕೊಟ್ಟದ್ದು ನಡೆಯುವ ದಾರಿಯೊಂದನ್ನು. ನದಿಯ ಬಳಿ ಒಂದು ದುಂಡು ಕಲ್ಲಿನ ಮೇಜು, ಸುತ್ತ 12 ಕಲ್ಲಿನ ಆಸನ, ಉದ್ಯಾನದಲ್ಲಿ ‘ಮುತ್ತು’ವಿನ ಗುರುತು ಕೆತ್ತಿದ ಹೆಬ್ಬಾಗಿಲು, ಊರೊಳಗಿನ ಬೀದಿ, ಇಗರ್ಜಿ ದಾಟಿ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ 29 ಮೀಟರ್ ಮೀರಿದ ಎತ್ತರದ ‘ಕೊನೆಯಿಲ್ಲದ ಕಂಬ’. ಸತ್ತವರ ಹೆಸರಿಲ್ಲ, ಬಂದೂಕಿಲ್ಲ, ಬಾವುಟವಿಲ್ಲ. ಕಂಬದ ಮೂಲ ಆ ಸೀಮೆಯ ಮನೆಗಳ ಜಗುಲಿಗಂಬಗಳಲ್ಲಿದೆ ಎನ್ನುತ್ತಾರೆ. ಎರಕದ ಕಬ್ಬಿಣದ 15 ಇಡೀ ಮಣಿಗಳು, ತುದಿಗೊಂದು ಬುಡಕ್ಕೊಂದು ಅರ್ಧ ಮಣಿ. ಒಂದೊಂದರ ಎತ್ತರ 180 ಸೆಂಟಿಮೀಟರ್, ಅಗಲವಾದಲ್ಲಿ 90, ಸಪೂರವಾದಲ್ಲಿ 45. ಎಂಜಿನಿಯರ್ ಶ್ಟೆಫಾನ್ ಜಾರ್ಜೆಸ್ಕು ಗೋರ್ಜನ್ ಒಳಗೆ ಉಕ್ಕಿನ ಬೆನ್ನುಮೂಳೆ ನಿಲ್ಲಿಸಿ, ಹಾರ ಪೋಣಿಸಿದಂತೆ ಮಣಿಗಳನ್ನು ಮೇಲಿನಿಂದ ಇಳಿಸಿದ. ಹೊರಗೆ ಹಿತ್ತಾಳೆಯ ಲೇಪ. ತುದಿಯಲ್ಲಿ ಅರ್ಧ ಮಣಿ ಇರುವುದರಿಂದಲೇ ಕಂಬ ಮುಗಿಯುವುದಿಲ್ಲ. ಉಳಿದರ್ಧವನ್ನು ನೋಡುವವನ ಕಣ್ಣು ತಾನೇ ಸೇರಿಸಿಕೊಂಡು ಮೇಲಕ್ಕೆ ಹೋಗುತ್ತದೆ.

1938ರ ಅಕ್ಟೋಬರ್ 27ರಂದು ಉದ್ಘಾಟನೆಯಾಯಿತು. ಮುಂದೆ ಯುದ್ಧ, ಆಮೇಲೆ ಕಮ್ಯುನಿಸ್ಟ್ ಆಡಳಿತ. ಹೊಸ ಕಚೇರಿಗೆ ಈ ಕಂಬ ಬೂರ್ಜ್ವಾ ಕಲೆಯಾಗಿ, ಗುಜರಿ ಕಬ್ಬಿಣವಾಗಿ ಕಂಡಿತು. 1950ರ ದಶಕದಲ್ಲಿ ಸ್ಥಳೀಯ ಅಧಿಕಾರಿಗಳು ಹಗ್ಗ ಕಟ್ಟಿ ಎಳೆಸಿದರಂತೆ. ಕುದುರೆಗಳು ಎಂದು ಕೆಲವರು, ಟ್ರ್ಯಾಕ್ಟರ್ ಎಂದು ಕೆಲವರು ಹೇಳುತ್ತಾರೆ. ಕಂಬ ಬೀಳಲಿಲ್ಲ. 2024ರ ಜುಲೈನಲ್ಲಿ ಹೊಸದಿಲ್ಲಿಯಲ್ಲಿ ಸೇರಿದ್ದ ಯುನೆಸ್ಕೊ ವಿಶ್ವ ಪರಂಪರೆ ಸಮಿತಿ ಟರ್ಗು ಜಿಯುವಿನ ಇಡೀ ಸಮುಚ್ಚಯವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅಸ್ಸಾಮಿನ ಅಹೋಮ್ ರಾಜರ ಸಮಾಧಿಗಳು ಪಟ್ಟಿಗೆ ಬಂದದ್ದೂ ಅದೇ ಸಭೆಯಲ್ಲಿ. ನಮ್ಮ ಪತ್ರಿಕೆಗಳಲ್ಲಿ ಅಹೋಮ್ ಸಮಾಧಿಗಳ ಸುದ್ದಿ ಸಹಜವಾಗಿಯೇ ದೊಡ್ಡದಾಗಿ ಬಂತು. ಈ ಕಂಬದ ಮಾತನ್ನು ನಾನೇ ಹುಡುಕಿ ಓದಬೇಕಾಯಿತು.

ಆ ಕಂಬದ ನಂತರ ಬ್ರಾಂಕುಸಿ ಹೊಸದನ್ನು ಹೆಚ್ಚು ಮಾಡಲಿಲ್ಲ. ರೊನ್ಸಾ ಓಣಿಯ ತನ್ನ ಕಾರ್ಯಾಗಾರದಲ್ಲಿ ಇದ್ದವುಗಳನ್ನೇ ಸರಿಸುತ್ತ, ತಿರುಗಿಸುತ್ತ, ಬೆಳಕು ನೋಡುತ್ತ ಕಾಲ ಕಳೆದ. ಯಾವುದಾದರೂ ಕೃತಿ ಮಾರಾಟವಾದರೆ ಅದರ ಜಾಗದಲ್ಲಿ ಪ್ಲಾಸ್ಟರ್ ಪ್ರತಿ ಇಡುತ್ತಿದ್ದ, ಗುಂಪು ಕೆಡಬಾರದು. ಫೋಟೊಗಳನ್ನೂ ಬೇರೆಯವರು ತೆಗೆಯುವುದು ಅವನಿಗೆ ಸೇರುತ್ತಿರಲಿಲ್ಲ. ಛಾಯಾಗ್ರಾಹಕ ಮ್ಯಾನ್ ರೇ ಕ್ಯಾಮೆರಾ ಕೊಡಿಸಿ, ಕತ್ತಲಕೋಣೆ ಕಟ್ಟಲು ನೆರವಾಗಿದ್ದ. ಬ್ರಾಂಕುಸಿ ತೆಗೆದ ಚಿತ್ರಗಳು ಮಸುಕು, ಗೀರು, ಅತಿಬೆಳಕಿನವು ಎಂದು ಆ ವೃತ್ತಿನಿರತನಿಗೆ ಅನಿಸಿತು. ತೆಗೆದವನಿಗೆ ಮಾತ್ರ ಅವೇ ಸರಿ. ಕಂಚಿನ ಹಕ್ಕಿಯ ಮೇಲೆ ಬಿಸಿಲು ಸಿಡಿದು ಆಕಾರವೇ ಅಳಿಸಿಹೋದ ಅವನ ಒಂದು ಚಿತ್ರವನ್ನು ನೋಡಿದ ಮೇಲೆ ಆ ಎಮೆರಿ ಕೆಲಸ ಏತಕ್ಕಾಗಿತ್ತು ಎಂಬುದು ನನಗೆ ಹೊಳೆಯಿತು. ಅಷ್ಟು ಉಜ್ಜಿದ್ದು ಕಂಚು ಕಾಣಲೆಂದಲ್ಲ.

1952ರಲ್ಲಿ ಫ್ರೆಂಚ್ ಪೌರನಾದ. 1956ರ ಉಯಿಲಿನಲ್ಲಿ ಕಾರ್ಯಾಗಾರವನ್ನು ಅದರೊಳಗಿನ ಶಿಲ್ಪ, ಉಪಕರಣ, ಪೀಠೋಪಕರಣಗಳ ಸಮೇತ ಫ್ರೆಂಚ್ ಸರ್ಕಾರಕ್ಕೆ ಬಿಟ್ಟುಕೊಟ್ಟ. ಷರತ್ತು ಒಂದೇ: ಇದ್ದದ್ದು ಇದ್ದಂತೆ ಮತ್ತೆ ಕಟ್ಟಿಡಬೇಕು. 1957ರ ಮಾರ್ಚ್ 16ರಂದು ತೀರಿಕೊಂಡ. ಹೂತದ್ದು ಅದೇ ಮೋಂಪರ್ನಾಸ್‌ನಲ್ಲಿ. ಓಣಿಯ ಆ ಹಳೆಯ ಮನೆಗಳನ್ನು ಕೆಡವಿದರು. 1997ರಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಆಧುನಿಕ ಕಲೆಯ ಸಂಗ್ರಹಾಲಯವಿರುವ ಪೊಂಪಿಡು ಕೇಂದ್ರದ ಎದುರು ಅದನ್ನು ಮರಳಿ ಕಟ್ಟಿದ. ಕೆಲವು ವರ್ಷಗಳ ಹಿಂದೆ ಪ್ಯಾರಿಸ್‌ಗೆ ಹೋದಾಗ ಅದನ್ನು ನೋಡಿದೆ. ಉಳಿ, ಸುತ್ತಿಗೆ, ಗರಗಸ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಚಾವಣಿಯಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಆದರೆ ಒಳಗೆ ಕಾಲಿಡುವಂತಿರಲಿಲ್ಲ. ಸುತ್ತಲೂ ಗಾಜು; ಅದರಾಚೆಯಿಂದ ಇಣುಕಿ ನೋಡಬೇಕಿತ್ತು. ಹಕ್ಕಿಯ ಸುತ್ತ ಒಂದು ಸುತ್ತು ಬರಲಾಗದಿದ್ದರೆ ಅದನ್ನು ಇದ್ದಂತೆ ಇಟ್ಟಿದ್ದೇವೆ ಎನ್ನುವುದು ಹೇಗೆ ಎಂದು ಕಾವಲುಗಾರನನ್ನು ಕೇಳಬೇಕೆನಿಸಿತು. ನನ್ನ ಫ್ರೆಂಚ್ ಅಷ್ಟು ದೂರ ಬರುವುದಿಲ್ಲ. ಪೊಂಪಿಡು ಕೇಂದ್ರ ಈಗ ದೊಡ್ಡ ದುರಸ್ತಿಗಾಗಿ ವರ್ಷಗಟ್ಟಲೆ ಮುಚ್ಚಿದೆ. ಮತ್ತೆ ತೆರೆದಾಗಲಾದರೂ ಆ ಗಾಜನ್ನು ತೆಗೆದಾರೆಂಬ ಆಸೆ ನನಗಿದೆ, ನಂಬಿಕೆ ಇಲ್ಲ.